ಗಡಗಡ ಪಟ್ಟಿ ಮತ್ತು ಒಂದು ಹೋಲ್ಡಾನ್

ಜರ್ಮನ್‌ಟೌನ್

ರಸ್ತೆಯ ಅಂಚಿನಲ್ಲಿ ಡಾಂಬರನ್ನು ಸಾಲಾಗಿ ಕೊರೆದು ಮಾಡುವ ರಂಬಲ್ ಸ್ಟ್ರಿಪ್ ಎಂಬುದರ ಬಗ್ಗೆ ನಾನು ಒಂದು ಪ್ರಬಂಧ ಬರೆದಿದ್ದೇನೆ. ನಿದ್ದೆಗಣ್ಣಿನ ಚಾಲಕನ ಗಾಡಿ ಅಂಚಿಗೆ ಸರಿದೊಡನೆ ಚಕ್ರಗಳು ಆ ತಗ್ಗುಗಳ ಮೇಲೆ ಉರುಳಿ ಗಡಗಡ ಸದ್ದು ಹೊರಡುತ್ತದೆ, ಸ್ಟೀರಿಂಗ್ ನಡುಗುತ್ತದೆ, ಆತ ಬೆಚ್ಚಿ ಕಣ್ತೆರೆದು ಗಾಡಿಯನ್ನು ಮರಳಿ ದಾರಿಗೆ ತರುತ್ತಾನೆ. ಇದನ್ನು ನಾನು ಪ್ರಬಂಧದಲ್ಲಿ “ಕಿವಿಗೂ ಕೈಗೂ ಏಕಕಾಲದಲ್ಲಿ ತಲುಪುವ ಎಚ್ಚರಿಕೆ” ಎಂದು ವರ್ಣಿಸಿದ್ದೆ. ಆ ವಾಕ್ಯವನ್ನು ಹಲವು ಬಾರಿ ತಿದ್ದಿ, ಕೊನೆಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟುಕೊಂಡಿದ್ದೆ. ಕೊರತೆ ಒಂದೇ: ಅಂಥ ಪಟ್ಟಿಯ ಸದ್ದನ್ನು ನಾನು ಸ್ವತಃ ಕೇಳಿರಲಿಲ್ಲ.

ನಮ್ಮ ಕಡೆ ಈ ಪಟ್ಟಿಗಳು ಇಲ್ಲವೆಂದಲ್ಲ. ಶಾಲೆಯ ಮುಂದೆ, ಅಪಾಯದ ತಿರುವಿನ ಮುಂದೆ ರಸ್ತೆಗೆ ಅಡ್ಡಲಾಗಿ ದಪ್ಪ ಬಿಳಿ ಗೆರೆಗಳನ್ನು ಬಳಿದಿರುತ್ತಾರೆ. ಅಲ್ಲಿ ನಿದ್ದೆ ಮಾಡುವವನಿಗೂ ಗಡಗಡ, ಎಚ್ಚರ ಇರುವವನಿಗೂ ಗಡಗಡ. ಅಮೆರಿಕದಲ್ಲಿ ಅವು ರಸ್ತೆಯ ಉದ್ದಕ್ಕೂ ಅಂಚಿನಲ್ಲಿ ಮಲಗಿ ಕಾಯುತ್ತವೆ. ದಾರಿ ಬಿಟ್ಟವನಿಗೆ ಮಾತ್ರ ಗಡಗಡ. ನಮ್ಮದು ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟರ ಪದ್ಧತಿಯಾದರೆ, ಅವರದು ತಪ್ಪು ಮಾಡಿದವನ ಕಿವಿಯನ್ನು ಮಾತ್ರ ಹಿಂಡುವ ಪದ್ಧತಿ.

ಕಾರ್ಕಳದ ಸಮೀಪದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹೆದ್ದಾರಿ ವಿನ್ಯಾಸವನ್ನು ಬೋಧಿಸುತ್ತೇನೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು, ವಿಮಾನ ಹತ್ತಿದವರಲ್ಲಿಯೂ. ಅಟ್ಲಾಂಟಾದಲ್ಲಿ ನಡೆಯುವ ರಸ್ತೆ ಇಂಜಿನಿಯರುಗಳ ಸಮ್ಮೇಳನದಲ್ಲಿ ಮಾತನಾಡಲು ಕರೆ ಬಂದಾಗ, ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ನನ್ನ ತಂದೆ ಒಂದೇ ಮಾತು ಹೇಳಿದರು: “ಅಲ್ಲಿ ಶಿರ್ವದ ಡಾಕ್ಟ್ರು ಇದ್ದಾರೆ. ಅವರಿಗೆ ಹೇಳ್ತೇನೆ.”

ಶಿರ್ವದ ಡಾಕ್ಟರು ಎಂದರೆ ಲಿಗೋರಿ ಅಂಕಲ್. ಮಂಗಳೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಅವರು ಪ್ರತಿ ಶನಿವಾರ ತಮ್ಮ ಊರು ಶಿರ್ವಕ್ಕೆ ಬರುತ್ತಿದ್ದ ಬಸ್ಸಿನಲ್ಲಿ ನನ್ನ ತಂದೆ ಆಗಷ್ಟೇ ಚೀಲ ಹೆಗಲಿಗೇರಿಸಿದ್ದ ಹೊಸ ಕಂಡಕ್ಟರ್. ಅಂಕಲ್ ಅಮೆರಿಕಕ್ಕೆ ಹೋಗಿ ಅರ್ಧ ಶತಮಾನವಾಗುತ್ತ ಬಂದಿದ್ದರೂ ಕ್ರಿಸ್‌ಮಸ್ಸಿಗೆ ತಂದೆಗೆ ತಪ್ಪದೆ ಫೋನ್ ಮಾಡುತ್ತಾರೆ. ಅವರು ಅರಿವಳಿಕೆ ತಜ್ಞರಾಗಿದ್ದವರು. ಈಗ ಎಪ್ಪತ್ತೆಂಟರ ಆಸುಪಾಸು. ಹೆಂಡತಿ ಸೆವ್ರಿನ್ ಆಂಟಿ ನಿವೃತ್ತ ನರ್ಸ್. ವಾಷಿಂಗ್ಟನ್ನಿನ ಹೊರವಲಯದ ಜರ್ಮನ್‌ಟೌನ್‌ನಲ್ಲಿರುವ ಅವರ ಮನೆಯ ಬಾಲ್ಕನಿಯಲ್ಲಿ ಅಕ್ಕಪಕ್ಕದವರ ಜೆರೇನಿಯಂ ಹೂಗಳ ನಡುವೆ ಬಸಳೆ ಬಳ್ಳಿ ಯಾವ ಸಂಕೋಚವೂ ಇಲ್ಲದೆ ಹಬ್ಬಿತ್ತು.

“ಅಟ್ಲಾಂಟಾಕ್ಕೆ ವಿಮಾನ ಎಂತಕ್ಕೆ?” ಎಂದರು ಅಂಕಲ್, ನಾನು ಬಂದ ದಿನವೇ. “ನಾನು ಕಾರಲ್ಲಿ ಬಿಡ್ತೇನೆ. ಶಾರ್ಲೆಟ್‌ನಲ್ಲಿ ಮಗಳ ಮನೆಯಲ್ಲಿ ಉಳಿಯುವಾ, ಮತ್ತೆ ಅಟ್ಲಾಂಟಾ. ಕಂಡಕ್ಟರ್ರ ಮಗಳ ಭಾಷಣ ನಾನು ಕೇಳ್ಬೇಕು.”

ಹೊರಡುವ ಬೆಳಿಗ್ಗೆ ಆ ಮಗಳಿಂದಲೇ ನನಗೆ ಫೋನ್ ಬಂತು. ಲವೀನಾ ಅಲ್ಲಿಯೇ ಹುಟ್ಟಿ ಬೆಳೆದವರು. ಶಾರ್ಲೆಟ್ ನಗರದ ಬ್ಯಾಲಂಟೈನ್ ಭಾಗದಲ್ಲಿ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ.

“ಪ್ರಮೀಳಾ, ನೀನು ರೋಡ್ ಎಕ್ಸ್‌ಪರ್ಟ್ ಅಲ್ವಾ? ಡ್ಯಾಡ್ ಡ್ರೈವಿಂಗ್ ಸೇಫಾ ಅಂತ ನೀನು ವಾಚ್ ಮಾಡು. ಇಲ್ಲಿ ಬಂದ್ಮೇಲೆ ನಂಗೆ ಹೇಳು. ಜಸ್ಟ್ ಯೆಸ್ ಆರ್ ನೋ. ನೋ ಅಂದ್ರೆ ನಾನು ಕೀ ತಗೋತೀನಿ.”

“ಲವೀನಾಕ್ಕ, ನಾನು ಅವರ ಅತಿಥಿ. ಅವರ ಮನೆಯ ಅನ್ನ ಉಂಡವಳು...”

“ಎಗ್ಸಾಕ್ಟ್ಲಿ! ಗೆಸ್ಟ್ ಹೇಳಿದ್ರೆ ಡ್ಯಾಡ್ ಶೌಟ್ ಮಾಡಲ್ಲ.”

ಫೋನ್ ಇಟ್ಟ ಮೇಲೆ ನಾನು ಸೂಟ್‌ಕೇಸಿನ ಜಿಪ್ಪನ್ನು ಎರಡೆರಡು ಸಲ ಎಳೆದು ನೋಡಿದೆ. ಅಮೆರಿಕದಲ್ಲಿ ಕೀಲಿಕೈ ಕಳೆದುಕೊಳ್ಳುವುದೆಂದರೆ ಹಾಲು ತರಲೂ ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋಗಲೂ ಇನ್ನೊಬ್ಬರನ್ನು ಬೇಡುವುದೆಂದು ಅರ್ಥ. ಅಲ್ಲಿ ಮನೆಯ ಮುಂದೆ ಬಂದು ಹಾರ್ನ್ ಹಾಕುವ ಬಸ್ಸಿಲ್ಲ, ಕೈ ತೋರಿಸಿದರೆ ನಿಲ್ಲುವ ರಿಕ್ಷಾ ಇಲ್ಲ. ಇಂಥ ತೀರ್ಪನ್ನು ನೀಡುವ ಅಧಿಕಾರ ನನಗೆ ಯಾವ ವಿಶ್ವವಿದ್ಯಾಲಯದಿಂದಲೂ ಬಂದಿರಲಿಲ್ಲ.

ಆಲ್ಡಿ

ಮೊದಲ ನಿಲುಗಡೆ ವರ್ಜೀನಿಯಾದ ಆಲ್ಡಿ. ಅಲ್ಲಿನ ಹೊಸ ಬಡಾವಣೆಯೊಂದರಲ್ಲಿರುವ ರಘು ಎಂಬ ಬೆಂಗಳೂರಿನ ಯುವಕನಿಗೆ ಆಂಟಿ ಬಸಳೆ ಸಸಿಯೊಂದನ್ನು ಕೊಡುವುದಾಗಿ ಮಾತು ಕೊಟ್ಟಿದ್ದರು. ಸಸಿಯ ಕುಂಡ ಹಿಂದಿನ ಸೀಟಿನಲ್ಲಿ ಆಂಟಿಯ ಪಕ್ಕ ಸೀಟ್‌ಬೆಲ್ಟ್ ಹಾಕಿಕೊಂಡು ಕುಳಿತಿತು. ನಾನು ಮುಂದೆ, ಬಲಗಡೆ. ನಮ್ಮಲ್ಲಿ ಚಾಲಕ ಕೂರುವ ಜಾಗವದು. ಹೀಗಾಗಿ ಮುಂದಿನ ಕಾರು ನಿಧಾನಿಸಿದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಅಂಕಲ್ ಗಾಡಿ ಓಡಿಸುವ ರೀತಿ ಪಠ್ಯಪುಸ್ತಕದಂತಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲೆ, ಲೇನ್ ಬದಲಿಸುವ ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ಕುತ್ತಿಗೆ ತಿರುಗಿಸಿ ಒಂದು ನೋಟ. ನಾನು ಮನಸ್ಸಿನಲ್ಲೇ ಪೂರ್ಣಾಂಕ ಕೊಟ್ಟು ಹಗುರಾದೆ. “ಯೆಸ್” ಎಂದು ಹೇಳುವುದು ಎಷ್ಟು ಸುಲಭ!

ಆಲ್ಡಿಗೆ ಹತ್ತಿರವಾದಂತೆ ರಸ್ತೆ ಎರಡೇ ಲೇನಿನದಾಯಿತು. ಮುಂದೆ ಒಬ್ಬ ಸೈಕಲ್ ಸವಾರ. ಅವನಿಗೆ ಜಾಗ ಬಿಡಲು ಅಂಕಲ್ ಕಾರನ್ನು ತುಸು ಎಡಕ್ಕೆ ತಂದರು. ಆಗ ಕಾರಿನ ಹೊಟ್ಟೆಯಿಂದಲೇ ಎದ್ದಂತೆ ಭಯಂಕರ ಸದ್ದು. ನನ್ನ ಹಲ್ಲುಗಳು ಕಟಕಟ ಎಂದವು. ಕುಂಡದಲ್ಲಿನ ಬಸಳೆ ತಲೆಯಾಡಿಸಿತು.

“ಅಂಕಲ್, ಟೈರ್ ಪಂಕ್ಚರ್!” ಎಂದು ನಾನು ಚೀರಿದೆ.

ಅಂಕಲ್ ಕಣ್ಣು ಮಿಟುಕಿಸಲಿಲ್ಲ. “ಪಂಕ್ಚರ್ ಅಲ್ಲ ಮಾರಾಯ್ತಿ. ಅದು ನಿನ್ನ ಪ್ರಬಂಧ.”

ಹಿಂದಿನ ಸೀಟಿನಲ್ಲಿ ಆಂಟಿ ನಕ್ಕು ನಕ್ಕು ಕೆಮ್ಮಿದರು. ರಸ್ತೆಯ ನಡುಗೆರೆಯ ಮೇಲೂ ಈ ಪಟ್ಟಿಗಳನ್ನು ಕೊರೆದಿರುತ್ತಾರೆ, ಎದುರುಬದುರಾಗಿ ಗುದ್ದಿಕೊಳ್ಳದಿರಲಿ ಎಂದು. ಅದನ್ನೂ ನಾನು ಬರೆದಿದ್ದೆ, ಚಿತ್ರ ಸಹಿತ. ಆದರೆ ಚಿತ್ರಕ್ಕೆ ಸದ್ದಿರುವುದಿಲ್ಲವಲ್ಲ.

“ನಂಗೆ ಈ ಸದ್ದು ಕೇಳಿದ್ರೆ ಖುಷಿ,” ಎಂದರು ಅಂಕಲ್. “ನಿನ್ನ ಅಪ್ಪನ ಬಸ್ಸು ಇಡೀ ಹೀಗೇ ಸದ್ದು ಮಾಡ್ತಿತ್ತು. ಆಗ ರೋಡು ಎಂತದ್ದು? ಬರೀ ಹೊಂಡ. ಶನಿವಾರ ಬಸ್ಸು ಹತ್ತಿ ಕೂತ್ರೆ ಗಡಗಡ ಗಡಗಡ, ಐದು ನಿಮಿಷದಲ್ಲಿ ನಂಗೆ ನಿದ್ದೆ. ತೊಟ್ಟಿಲು ತೂಗಿದ ಹಾಗೆ. ಶಿರ್ವ ಬಂದಾಗ ನಿನ್ನ ಅಪ್ಪ ಬಾಗಿಲಿಗೆ ದಢದಢ ಬಡಿದು ‘ಹೋಲ್ಡಾನ್’ ಅಂತ ಕೂಗ್ಬೇಕು, ಆಗ ಮಾತ್ರ ಎಚ್ಚರ.”

ಕರಾವಳಿಯ ಬಸ್ಸಿನಲ್ಲಿ ಓಡಾಡದವರಿಗಾಗಿ ಒಂದು ಮಾತು: ನಮ್ಮ ಕಂಡಕ್ಟರುಗಳು ಬಸ್ಸು ನಿಲ್ಲಿಸಲು ಕೂಗುವುದು “ಹೋಲ್ಡಾನ್”, ಹೊರಡಿಸಲು ಕೂಗುವುದು “ರೈಟ್, ಪೋಯಿ”. ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ. ಇವೆರಡೇ ಮಾತುಗಳ ಮೇಲೆ ನನ್ನ ತಂದೆ ನಮ್ಮನ್ನೆಲ್ಲ ಓದಿಸಿದರು. ನಾನಾದರೋ ಬಾಲ್ಯದಿಂದಲೂ ಆ ಮಾತುಗಳನ್ನು ಬಾಯಿಗೆ ತಾರದೆ ಬೆಳೆದವಳು. ಓದಿದ ಹೆಣ್ಣುಮಗಳು ಮೆಲ್ಲನೆ, ಪೂರ್ಣ ವಾಕ್ಯದಲ್ಲಿ ಮಾತನಾಡಬೇಕೆಂಬುದು ನಮ್ಮಮ್ಮನ ಕಟ್ಟಪ್ಪಣೆಯಾಗಿತ್ತು.

ರಘು ಮನೆಯ ಮುಂದೆ ನಿಂತಿದ್ದ ಅವನ ಹೊಸ ಕಾರು ಇಸ್ತ್ರಿ ಮಾಡಿದ ಅಂಗಿಯಂತೆ ಹೊಳೆಯುತ್ತಿತ್ತು.

“ಅಂಕಲ್, ನೀವೂ ಇಂಥದ್ದೇ ತಗೊಳ್ಳಿ. ಲೇನ್ ಬಿಟ್ರೆ ಸ್ಟೀರಿಂಗೇ ಎಳ್ಕೊಂಡು ಸರಿ ಮಾಡತ್ತೆ. ನಾವು ಏನೂ ಮಾಡೋದೇ ಬೇಡ.”

“ನಂಗೆ ಎಳೀಲಿಕ್ಕೆ ಸೆವ್ರಿನ್ ಇದ್ದಾಳಲ್ಲ,” ಎಂದರು ಅಂಕಲ್.

“ನಾನು ಎಳೆದ್ರೆ ನೀವು ಸರಿ ಆಗಿದ್ದುಂಟಾ?” ಎಂದರು ಆಂಟಿ.

ಆಲ್ಡಿ ಬಿಟ್ಟು ಹೆದ್ದಾರಿ ಸೇರುವ ಹೊತ್ತಿಗೆ ಅಂಕಲ್ ನನ್ನ ಕಡೆ ತಿರುಗದೆಯೇ ಕೇಳಿದರು: “ಇನ್ಸ್‌ಪೆಕ್ಟರಮ್ಮಾ, ಎಷ್ಟು ಮಾರ್ಕು ಆಯ್ತು?”

ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಮಡಿಲಿಗೆ ಬಿತ್ತು. “ಏನು ಅಂಕಲ್?”

“ಲವೀನಾ ಫೋನ್ ಮಾಡಿದ್ಳಲ್ಲ. ಹೋದ ಸಲ ನಮ್ಮ ಪಾದ್ರಿಗಳಿಗೆ ಇದೇ ಕೆಲಸ ಕೊಟ್ಟಿದ್ಳು. ಅವರೂ ಹೀಗೇ ಮುಂದೆ ಕೂತಿದ್ರು.”

“ಅವರು ಏನು ವರದಿ ಕೊಟ್ಟರು?”

“ವರದಿ ಎಂತದ್ದು? ನಾನು ಹೈವೇ ಹತ್ತುವ ಮೊದಲೇ ಅವರು ಗೊರಕೆ ಹೊಡೀತಿದ್ರು.” ಅಂಕಲ್ ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿದರು. “ನೋಡು ಮಗಾ, ನಲವತ್ತು ವರ್ಷ ನಾನು ಜನರಿಗೆ ನಿದ್ದೆ ಬರಿಸಿದವ. ನಿದ್ದೆ ನನ್ನ ಹತ್ತಿರ ಬರುವಾಗ ಬಾಗಿಲು ತಟ್ಟಿ ಪರ್ಮಿಶನ್ ಕೇಳ್ತದೆ.”

ಗಡಿಯ ಬಳಿಯ ವಿಶ್ರಾಂತಿ ತಾಣ

ಅಮೆರಿಕದ ಹೆದ್ದಾರಿಯ ಅತಿ ದೊಡ್ಡ ಕೊರತೆ ಎಂದರೆ ಅಲ್ಲಿ ಏನೂ ಆಗದಿರುವುದು. ನಮ್ಮಲ್ಲಿ ಚಾಲಕನನ್ನು ಎಚ್ಚರವಾಗಿಡಲು ಇಡೀ ಸಮಾಜವೇ ದುಡಿಯುತ್ತದೆ. ದನ ಅಡ್ಡ ಬರುತ್ತದೆ, ಎದುರಿನ ಬಸ್ಸು ಹಾರ್ನ್ ಹಾಕುತ್ತದೆ, ಮದುವೆ ದಿಬ್ಬಣ ನಡುರಸ್ತೆಯಲ್ಲಿ ಕುಣಿಯುತ್ತದೆ, ಯಾರೋ ಕಾರು ನಿಲ್ಲಿಸಿ ದಾರಿ ಕೇಳುತ್ತಾರೆ. ಅಲ್ಲಿ ಗಂಟೆಗಟ್ಟಲೆ ಪೈನ್ ಮರ, ಆಕಾಶ, ಮತ್ತೆ ಪೈನ್ ಮರ. ಇಷ್ಟು ಒಳ್ಳೆಯ ರಸ್ತೆ ಮಾಡಿ ಚಾಲಕನನ್ನು ತಾವೇ ಮಲಗಿಸಿ, ಆಮೇಲೆ ತಾವೇ ಅಂಚಿನಲ್ಲಿ ತಗ್ಗು ಕೊರೆದು ಎಬ್ಬಿಸುತ್ತಾರೆ.

ವರ್ಜೀನಿಯಾ ಮುಗಿಯುವ ಮೊದಲು ಒಂದು ವಿಶ್ರಾಂತಿ ತಾಣದಲ್ಲಿ ಊಟಕ್ಕೆ ನಿಂತೆವು. ಮರದ ಮೇಜಿನ ಮೇಲೆ ಆಂಟಿ ನೀರುದೋಸೆ, ಕೋಳಿ ಸುಕ್ಕ, ಮೊಸರನ್ನ ಹರಡಿದರು. ಪಕ್ಕದ ಮೇಜಿನ ವೃದ್ಧ ದಂಪತಿ ತಮ್ಮ ನಾಯಿಗೆ ಹಾಸಿಗೆ ಹಾಸಿ, ನೀರಿಟ್ಟು, ಬಿಸಿಲು ತಾಗದಂತೆ ಕೊಡೆ ಹಿಡಿದು, ಆಮೇಲೆ ತಾವು ನಿಂತುಕೊಂಡೇ ಬ್ರೆಡ್ ತಿಂದರು. ನಾಯಿ ನಮ್ಮ ಸುಕ್ಕದ ಕಡೆಗೇ ಮುಖ ಮಾಡಿ ಮಲಗಿತ್ತು. ಅದರ ಯಜಮಾನಿ ನಮ್ಮತ್ತ ಕೈಬೀಸಿ, ನಾಯಿಯ ಪರವಾಗಿ ಕ್ಷಮೆ ಕೇಳಿದರು.

ತುಸು ದೂರದಲ್ಲಿ ಒಬ್ಬ ಟ್ರಕ್ ಚಾಲಕ ತನ್ನ ಕ್ಯಾಬಿನ್ನಿಗೆ ಪರದೆ ಎಳೆದು ನಡು ಮಧ್ಯಾಹ್ನ ಮಲಗಿಬಿಟ್ಟ. ನಾನು ಅದನ್ನು ನೋಡಿ, ಒಂದು ವಾಕ್ಯವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿ, ಧೈರ್ಯ ಮಾಡಿ ಹೇಳಿದೆ: “ಅಂಕಲ್, ಊಟವೂ ಭರ್ಜರಿಯಾಯಿತು. ನಾವೂ ಸ್ವಲ್ಪ ಹೊತ್ತು ವಿಶ್ರಾಂತಿ ತೆಗೆದುಕೊಳ್ಳಬಹುದೇನೋ?”

“ಅದೆಲ್ಲ ಮುದುಕರಿಗೆ,” ಎಂದು ಅಂಕಲ್ ಮೊಸರನ್ನದ ಡಬ್ಬ ಬಳಿದರು. ಬಳಿಕ ತಮ್ಮ ವೃತ್ತಿಯ ಕಥೆ ತೆಗೆದರು. “ಆಪರೇಷನ್ ಟೇಬಲ್ ಮೇಲೆ ಮದ್ದು ಕೊಡುವಾಗ ನಾವು ಎಂತ ಹೇಳ್ತೇವೆ ಗೊತ್ತುಂಟಾ? ನೂರರಿಂದ ಹಿಂದಕ್ಕೆ ಎಣಿಸಿ ಅಂತ. ಎಲ್ಲರಿಗೂ ಧೈರ್ಯ, ನಾನು ಒಂದರವರೆಗೂ ಎಣಿಸ್ತೇನೆ ಅಂತ. ಒಬ್ಬ ಮಿಲಿಟರಿ ಆಫೀಸರ್ ನನ್ನ ಹತ್ರ ಬೆಟ್ ಕಟ್ಟಿದ. ತೊಂಬತ್ತಾರು ಅಂದ, ಮತ್ತೆ ಮಾತಿಲ್ಲ. ಎದ್ದ ಮೇಲೆ ಎಂತ ಹೇಳ್ದ ಹೇಳು?”

“ಏನೆಂದರು?”

“‘ಡಾಕ್ಟರೇ, ನಾನು ಗೆದ್ದೆ. ಪೂರಾ ಎಣಿಸಿದೆ’ ಅಂತ! ತಾನು ಎಲ್ಲಿ ನಿಲ್ಲಿಸಿದ್ದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಮಗಾ.” ಅವರು ಗಹಗಹಿಸಿ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಾರಿನ ಕಡೆ ನಡೆದೆವು.

ಉತ್ತರ ಕೆರೊಲಿನಾ

ಆಂಟಿ ಶ್ರವಣಯಂತ್ರವನ್ನು ಕಿವಿಯಿಂದ ತೆಗೆದು ಪರ್ಸಿನಲ್ಲಿಟ್ಟು, ಜಪಸರ ಹಿಡಿದು, ಮೂರನೆಯ ಮಣಿಗೆ ತಲುಪುವಷ್ಟರಲ್ಲಿ ನಿದ್ದೆಹೋದರು. ನಾನು ಎರಡೂ ಕಣ್ಣುಗಳನ್ನು ಬಲಗಡೆಯ ಬಿಳಿ ಗೆರೆಯ ಮೇಲೆ ನೆಟ್ಟಿದ್ದೆ.

ಮೊದಲ ಸಲ ಗಡಗಡ ಎಂದಾಗ ಅಂಕಲ್ ತಕ್ಷಣ ಸರಿಪಡಿಸಿಕೊಂಡರು. “ಗಿಡುಗ ನೋಡ್ತಾ ಇದ್ದೆ,” ಎಂದರು. ಆಕಾಶದಲ್ಲಿ ಗಿಡುಗ ಇರಲಿಲ್ಲ. ಎರಡನೆಯ ಸಲ, “ಈ ಸ್ಟೀರಿಂಗ್ ಸ್ವಲ್ಪ ಲೂಸ್,” ಎಂದರು. ನಾನು “ಪರವಾಗಿಲ್ಲ ಅಂಕಲ್” ಎಂದೆ. ಹಾಗೆ ಹೇಳಿದ್ದಕ್ಕೆ ನನಗೇ ನನ್ನ ಮೇಲೆ ಸಿಟ್ಟು ಬಂತು. ಹಿರಿಯರ ಸ್ಟೀರಿಂಗ್ ಲೂಸಾದರೆ ಕಿರಿಯರು ಪರವಾಗಿಲ್ಲ ಎನ್ನುವುದು ನಮ್ಮಲ್ಲಿ ಸಭ್ಯತೆ. ಸಭ್ಯತೆಗೂ ಒಂದು ವೇಗಮಿತಿ ಇರಬೇಕು.

ಮೂರನೆಯ ಸಲ ಸದ್ದು ನಿಲ್ಲಲಿಲ್ಲ.

ಗಡಗಡ ನನ್ನ ಕಾಲಡಿಯಲ್ಲೇ ಹುಟ್ಟಿ, ಸೊಂಟದವರೆಗೆ ಏರಿತು. ನಾನು ಅಂಕಲ್ ಕಡೆ ನೋಡಿದೆ. ಕೈಗಳೆರಡೂ ಸ್ಟೀರಿಂಗಿನ ಮೇಲೆ ಪಠ್ಯಪುಸ್ತಕದಂತೆಯೇ ಇದ್ದವು. ಕಣ್ಣುಗಳು ಮುಚ್ಚಿದ್ದವು. ಆ ಭಯಂಕರ ಸದ್ದಿನ ನಡುವೆ ಅವರ ಮುಖದಲ್ಲಿ ಎಂಥ ನೆಮ್ಮದಿ! ಸದ್ದು ಹೆಚ್ಚಿದಂತೆ ಅವರ ತಲೆ ಇನ್ನಷ್ಟು ಸುಖವಾಗಿ ವಾಲಿತು. ಆಗ ನನಗೆ ಹೊಳೆಯಿತು. ನಿಶ್ಶಬ್ದದಲ್ಲಿ ಬೆಳೆದವನನ್ನು ಎಬ್ಬಿಸಲು ಕೊರೆದ ಪಟ್ಟಿ ಇದು. ಹೊಂಡದ ರಸ್ತೆಯ ಬಸ್ಸಿನಲ್ಲಿ ಮಲಗಿ ಬೆಳೆದ ಶಿರ್ವದ ಮನುಷ್ಯನಿಗೆ ಇದು ಜೋಗುಳ.

ಸ್ಟೀರಿಂಗ್ ಹಿಡಿದು ಎಳೆಯಬಾರದು, ಆ ವೇಗದಲ್ಲಿ ಕಾರು ಮಗುಚಿಕೊಳ್ಳುತ್ತದೆ ಎಂದು ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡಿದ್ದೇನೆ. “ಅಂಕಲ್, ದಯವಿಟ್ಟು ಎಚ್ಚರಗೊಳ್ಳಿ” ಎಂಬ ವಾಕ್ಯ ಗಂಟಲಲ್ಲಿ ಸಿದ್ಧವಾಗಿತ್ತು, ಹೊರಗೂ ಬಂತು. ಪ್ರಯೋಜನವಾಗಲಿಲ್ಲ. ಪಟ್ಟಿ ದಾಟಿ ಚಕ್ರ ಹುಲ್ಲಿನ ಕಡೆ ಸರಿಯುತ್ತಿತ್ತು, ಮುಂದೆ ಪೈನ್ ಮರಗಳು ದೊಡ್ಡವಾಗುತ್ತಿದ್ದವು. ಆಮೇಲೆ ನಡೆದದ್ದಕ್ಕೆ ನಾನು ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ. ನನ್ನ ಅಂಗೈ ತಾನಾಗಿ ಎದ್ದು ಬಾಗಿಲಿಗೆ ದಢದಢ ಬಡಿಯಿತು. ನನ್ನ ಬಾಯಿಂದ ನನ್ನ ತಂದೆಯ ದನಿ ಹೊರಟಿತು:

“ಹೋಲ್ಡಾಆಆನ್!”

ಅಂಕಲ್‌ರ ಕಾಲು ಬ್ರೇಕಿನ ಮೇಲೆ ಹೋಯಿತು. ಮೆಲ್ಲಗೆ, ಹದವಾಗಿ. ಕೈ ಇಂಡಿಕೇಟರನ್ನೂ ಹಾಕಿತು. ಕಾರು ಅಂಚಿನಲ್ಲಿ, ಮರಗಳಿಗಿಂತ ಬಹಳ ಈಚೆ, ಸಭ್ಯವಾಗಿ ನಿಂತಿತು. ಅವರು ಕಣ್ಣು ತೆರೆದು, ನನ್ನನ್ನು ದಾಟಿ ಕಿಟಕಿಯ ಹೊರಗೆ ನೋಡಿ ಕೇಳಿದರು:

“ಶಿರ್ವ ಬಂತಾ?”

ಹಿಂದಿನಿಂದ ಆಂಟಿ ಎದ್ದು, ಪರ್ಸಿನಲ್ಲಿ ಕಿವಿ ಹುಡುಕುತ್ತ ಕೇಳಿದರು: “ಎಂತ, ಶಾರ್ಲೆಟ್ ಬಂತಾ?”

ಒಂದು ದೊಡ್ಡ ಟ್ರಕ್ ನಮ್ಮ ಪಕ್ಕದಿಂದ ಹಾದು ಕಾರನ್ನು ಅಲುಗಿಸಿತು. ಅಂಕಲ್ ಮುಖದಿಂದ ಶಿರ್ವ ಇಳಿದುಹೋಗುವುದನ್ನು ನಾನು ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ಲವೀನಾಗೆ ಹೇಳ್ತೀಯಾ?” ಎಂದರು.

“ಅಂಕಲ್,” ಎಂದೆ. “ಸ್ಟಾಪ್ ಬಂದಾಗ ಕಂಡಕ್ಟರ್ ಕೂಗಲೇಬೇಕಲ್ಲ.”

ಅವರು ಕನ್ನಡಕ ಏರಿಸಿ ಕಾರು ಹೊರಡಿಸಿದರು. ಹೆದ್ದಾರಿಯ ಮುಂದಿನ ನಿರ್ಗಮನ ದಾರಿಯಲ್ಲಿ ಹೊರಬಿದ್ದು, ಪೆಟ್ರೋಲ್ ಬಂಕೊಂದರ ಅಂಗಳದ ನೆರಳಲ್ಲಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ವಾಲಿಸಿ, ನಿಜವಾದ ನಿದ್ದೆಯನ್ನೇ ಮಾಡಿದರು. ಆಂಟಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟು, ನನ್ನ ಕೆಂಪಾದ ಅಂಗೈಯನ್ನು ಹಿಡಿದು ನೋಡಿ, ನರ್ಸಿನ ದನಿಯಲ್ಲಿ “ಊದಿಕೊಳ್ಳಲಿಕ್ಕಿಲ್ಲ” ಎಂದರು. ಅಂಕಲ್ ಎದ್ದು ಮುಖ ತೊಳೆದು ಬಂದು ಮತ್ತೆ ಸ್ಟೀರಿಂಗ್ ಹಿಡಿದ ಮೇಲೆ ಆಂಟಿ ಶ್ರವಣಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡೇ ಕುಳಿತರು. ಶಾರ್ಲೆಟ್‌ವರೆಗೂ ನಾನು ಬಾಯಿ ಮುಚ್ಚಲಿಲ್ಲ. ಹೇಳಲು ಬೇರೇನೂ ಉಳಿಯದಾದಾಗ ಮಂಗಳೂರಿನಿಂದ ಶಿರ್ವದವರೆಗಿನ ಬಸ್ ನಿಲ್ದಾಣಗಳನ್ನೆಲ್ಲ ಒಂದೊಂದಾಗಿ ಕೂಗಿದೆ. ತಪ್ಪಿದಲ್ಲಿ ಅಂಕಲ್ ತಿದ್ದಿದರು.

ಬ್ಯಾಲಂಟೈನ್

ಲವೀನಾಕ್ಕನ ಮನೆಯ ಊಟದ ಮೇಜು ನಮ್ಮ ಕಾಲೇಜಿನ ಸಭಾಂಗಣದ ವೇದಿಕೆಯಷ್ಟಿತ್ತು. ಅಂಕಲ್ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಕಾರಿನ ಕೀಲಿ ಅವರ ತಟ್ಟೆಯ ಪಕ್ಕ, ಉಪ್ಪಿನಕಾಯಿಯ ಹತ್ತಿರವೇ ಇತ್ತು. ಮೀನು ಸಾರು ಎಲ್ಲರ ತಟ್ಟೆಗೂ ಬಂದ ಮೇಲೆ ಲವೀನಾಕ್ಕ ಚಮಚ ಕೆಳಗಿಟ್ಟರು.

“ಸೋ, ಪ್ರಮೀಳಾ? ಯೆಸ್ ಆರ್ ನೋ?”

“ಎಲ್ಲರ ಎದುರು ಕೇಳ್ತೀಯಾ?” ಎಂದರು ಆಂಟಿ.

“ಸೀಕ್ರೆಟ್ ಏನಿಲ್ಲ ಮಾಮ್. ಡ್ಯಾಡ್‌ಗೆ ಗೊತ್ತು. ಡ್ಯಾಡ್‌ಗೆ ಆಲ್ವೇಸ್ ಗೊತ್ತಾಗತ್ತೆ.”

ನಾನು ದಾರಿಯುದ್ದಕ್ಕೂ ಒಂದು ಸಮತೋಲಿತ ಉತ್ತರವನ್ನು ಕಟ್ಟಿದ್ದೆ. ಅಂಕಲ್ ಅತ್ಯಂತ ನಿಯಮಬದ್ಧ ಚಾಲಕರೆಂದು ಮೊದಲ ಭಾಗ, ಆದಾಗ್ಯೂ ಎಂದು ಎರಡನೆಯ ಭಾಗ. ಮೀನು ಸಾರಿನ ಆವಿಯ ಆಚೆ ಅಂಕಲ್ ನನ್ನನ್ನೇ ನೋಡುತ್ತಿದ್ದರು. ನನ್ನ ತಂದೆ ಅವರಿಗಾಗಿ ಎಷ್ಟು ಶನಿವಾರ ಬಸ್ಸು ನಿಲ್ಲಿಸಿದ್ದರೋ. ಒಮ್ಮೆಯೂ, ನಿದ್ದೆ ಕೆಡುತ್ತದೆಂದು ಕನಿಕರಪಟ್ಟು, ಮುಂದಿನ ಸ್ಟಾಪಿಗೆ ಒಯ್ಯಲಿಲ್ಲ.

“ನೋ, ಲವೀನಾಕ್ಕ,” ಎಂದೆ. “ಊಟ ಆದ ಮೇಲೆ ಅಂಕಲ್‌ಗೆ ನಿದ್ದೆ ಬಂತು. ಗಡಗಡ ಅಂದರೂ ಎಚ್ಚರ ಆಗಲಿಲ್ಲ.”

ಅಂಕಲ್ ಮೀನಿನ ಮುಳ್ಳೊಂದನ್ನು ಬಹಳ ಹೊತ್ತು ಬಿಡಿಸಿ ತಟ್ಟೆಯ ಅಂಚಿಗಿಟ್ಟರು.

“ಎರಡು ಸೆಕೆಂಡ್ ಕಣ್ಣು ಮುಚ್ಚಿದ್ದು, ಅಷ್ಟೆ,” ಎಂದರು ಮೊದಲು. ಆಮೇಲೆ ತಮ್ಮಷ್ಟಕ್ಕೇ ತಲೆಯಲ್ಲಾಡಿಸಿದರು. “ಇಲ್ಲ. ಎರಡು ಸೆಕೆಂಡು ಅಂತ ನಾನು ಹೇಗೆ ಹೇಳುವುದು? ಆ ಮಿಲಿಟರಿ ಆಫೀಸರ್ ಹೇಳಿದ ಹಾಗೆ ಆಯ್ತು, ಪೂರಾ ಎಣಿಸಿದೆ ಅಂತ. ನಾನೂ ಎಣಿಸ್ತಾ ಇದ್ದೆ. ಎಲ್ಲಿ ನಿಂತಿತು ಅಂತ ನಂಗೆ ಗೊತ್ತಿಲ್ಲ, ಲವೀನಾ.”

ಅವರು ಕೀಲಿಯನ್ನು ಉಪ್ಪಿನಕಾಯಿ ಬಾಟಲಿಯ ಪಕ್ಕದಿಂದ ಮಗಳ ಕಡೆ ಸರಿಸಿದರು. ಮೇಜು ಉದ್ದವಾಗಿದ್ದರಿಂದ ಅದು ಅರ್ಧ ದಾರಿಯಲ್ಲೇ ನಿಂತಿತು. ಆಂಟಿ ಅದನ್ನು ಮುಂದಕ್ಕೆ ದೂಡಿದರು.

ಲವೀನಾಕ್ಕ ಕೀಲಿಯನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಗೆದ್ದವರ ಮುಖ ಅವರದಾಗಿರಲಿಲ್ಲ. “ಡ್ಯಾಡ್... ಹೈವೇ ಮಾತ್ರ. ಓಕೆ?”

ಅಂಕಲ್ ನಿಧಾನವಾಗಿ ತಲೆಯೆತ್ತಿದರು. ಬೆಳಕು ಕಂಡ ಮನುಷ್ಯನಂತೆ ಚೌಕಾಸಿಗೆ ಇಳಿದರು.

“ಇಗರ್ಜಿಗೆ?”

“ಓಕೆ.”

“ಮೀನಿನ ಅಂಗಡಿಗೆ?”

“ಓಕೆ. ಮಾರ್ನಿಂಗ್ ಮಾತ್ರ. ಊಟ ಆದ್ಮೇಲೆ ಇಲ್ಲ.”

“ಆಲ್ಡಿಗೆ? ಬಸಳೆ ಹೇಗುಂಟು ನೋಡ್ಲಿಕ್ಕೆ?”

“ನೋ, ಡ್ಯಾಡ್!”

“ಬಸಳೆ ನಾನು ಕೊಟ್ಟದ್ದು,” ಎಂದರು ಆಂಟಿ. “ರಘು ಫೋಟೋ ಕಳಿಸ್ತಾನೆ. ಈಗ ಊಟ ಮಾಡಿ.”

ಅಟ್ಲಾಂಟಾ, ಮತ್ತು ಅದಕ್ಕೆ ಸ್ವಲ್ಪ ಮೊದಲು

ಅಟ್ಲಾಂಟಾದಲ್ಲಿ ನನ್ನ ಭಾಷಣ ನಡೆಯಿತು. ರಸ್ತೆಯ ಪಟ್ಟಿ ಎಚ್ಚರಿಸಬಲ್ಲದೇ ಹೊರತು ವಿಶ್ರಾಂತಿ ಕೊಡಲಾರದು, ಒಮ್ಮೆ ಗಡಗಡ ಎಂದರೆ ಗಾಡಿ ನಿಲ್ಲಿಸಿ ಮಲಗಬೇಕೇ ಹೊರತು ಇನ್ನೊಂದು ಗಡಗಡಕ್ಕಾಗಿ ಕಾಯಬಾರದು ಎಂಬ ಮಾತನ್ನು ಕೊನೆಗೆ ಸೇರಿಸಿದ್ದೆ. ಮುಂದಿನ ಸಾಲಿನಲ್ಲಿ ಟೈ ಕಟ್ಟಿಕೊಂಡು ಕುಳಿತಿದ್ದ ಲಿಗೋರಿ ಅಂಕಲ್ ಪೀಠಿಕೆ ಮುಗಿಯುವ ಮೊದಲೇ ನಿದ್ದೆಹೋದರು. ಯಾರಿಗೂ ಅಪಾಯವಿಲ್ಲದ ನಿದ್ದೆಯಾದ್ದರಿಂದ ನಾನು ಎಬ್ಬಿಸಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಅದರ ಹಿಂದಿನ ದಿನದ ಪಯಣ. ಲವೀನಾಕ್ಕ ರಜೆ ಹಾಕಿ ನಮ್ಮೆಲ್ಲರನ್ನೂ ಕರೆದೊಯ್ದರು. ಆಂಟಿ ಮುಂದೆ, ನಾನು ಮತ್ತು ಅಂಕಲ್ ಹಿಂದೆ. ತಮ್ಮದಲ್ಲದ ಸೀಟಿನಲ್ಲಿ ಕುಳಿತವರ ಕೈಗಳಿಗೆ ಎಲ್ಲಿ ಇರಬೇಕೆಂದು ತಿಳಿಯುವುದಿಲ್ಲ. ಅವರ ಕೈಗಳು ಮೊಣಕಾಲ ಮೇಲೆ, ಇಲ್ಲದ ಸ್ಟೀರಿಂಗಿನ ಎರಡು ಬದಿಗಳಲ್ಲಿ ಇದ್ದವು.

ಲವೀನಾಕ್ಕ ಓಡಿಸುವ ರೀತಿ ಬೇರೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕಾಫಿ, ಬಾಯಲ್ಲಿ ಆಫೀಸಿನ ಫೋನ್ ಕರೆ. ದಕ್ಷಿಣ ಕೆರೊಲಿನಾ ಹೊಕ್ಕು ತುಸು ಹೊತ್ತಿನಲ್ಲಿ ಬಲಚಕ್ರ ಅಂಚಿಗೆ ತಾಗಿ ಗಡಗಡ ಎಂದಿತು. ಅವರು ಸರ್ರನೆ ಸರಿಪಡಿಸಿಕೊಂಡರು.

“ಇನ್ಸ್‌ಪೆಕ್ಟರಮ್ಮಾ,” ಎಂದರು ಅಂಕಲ್, ಆ ದಿನದ ಮೊದಲ ಮಾತಾಗಿ. “ಬರ್ಕೊಂಡ್ಯಾ?”

“ಡ್ಯಾಡ್, ದಟ್ ವಾಸ್ ನಥಿಂಗ್!”

“ಗಿಡುಗ ನೋಡ್ತಿದ್ರು ಅಂತ ಕಾಣ್ತದೆ,” ಎಂದೆ ನಾನು. ಅಂಕಲ್ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ನಕ್ಕರು. ಲವೀನಾಕ್ಕ ಫೋನ್ ಕರೆ ಮುಗಿಸಿ, ಕಾಫಿ ಕೆಳಗಿಟ್ಟು, ಎರಡನೆಯ ಕೈಯನ್ನೂ ಸ್ಟೀರಿಂಗಿಗೆ ತಂದರು.

ಆಂಟಿಗೆ ಕಾಲು ಹಿಡಿದುಕೊಂಡದ್ದರಿಂದ ಹೆದ್ದಾರಿ ಬಿಟ್ಟು ಒಂದು ಸಣ್ಣ ರಸ್ತೆಗೆ ಇಳಿದೆವು. ಅಲ್ಲಿ ಮರದಡಿ ತಗಡಿನ ಚಪ್ಪರ, ಕುದಿಯುವ ದೊಡ್ಡ ಹಂಡೆ, ಕೈಬರಹದ ಬೋರ್ಡು. ಬೇಯಿಸಿದ ನೆಲಗಡಲೆ! ಸಿಪ್ಪೆ ಸಹಿತ, ಉಪ್ಪುನೀರಿನಲ್ಲಿ, ನಮ್ಮ ಜಾತ್ರೆಯ ಗದ್ದೆಗಳ ಬದಿಯಲ್ಲಿ ಬೇಯಿಸುವಂತೆಯೇ. ಅಮೆರಿಕದ ದಕ್ಷಿಣದವರು ಅದನ್ನು ತಮ್ಮದೇ ಸ್ವಂತ ತಿಂಡಿಯೆಂದು ತಿಳಿದಿದ್ದಾರಂತೆ. ಲವೀನಾಕ್ಕನಿಗೆ ಅದು ಕಾಣಲಿಲ್ಲ, ಕಾರು ಮುಂದೆ ಸಾಗುತ್ತಿತ್ತು.

ಆಗ ನನ್ನ ಪಕ್ಕದಲ್ಲಿ ದಢದಢ ಸದ್ದಾಯಿತು. ಅಂಕಲ್ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದರು.

“ಹೋಲ್ಡಾನ್!”

ಲವೀನಾಕ್ಕನಿಗೆ ಆ ಪದ ಗೊತ್ತಿರಲಿಲ್ಲ, ಆದರೂ ಕಾಲು ಬ್ರೇಕಿಗೆ ಹೋಯಿತು. ಕಾರು ಹಂಡೆಯ ಮುಂದೆಯೇ ನಿಂತಿತು. “ವಾಟ್ ದ... ಡ್ಯಾಡ್! ಏನಾಯ್ತು?”

“ಎಂತ ಆಗ್ಲಿಲ್ಲ. ಸ್ಟಾಪ್ ಬಂತು,” ಎಂದು ಅಂಕಲ್ ಇಳಿದರು. ಹಂಡೆಯ ಹಿಂದಿನ ಅಜ್ಜಿ ಅವರನ್ನು “ಹನೀ” ಎಂದು ಕರೆದು, ಚೀಲ ತುಂಬಿದ ಮೇಲೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದರು. ಅಂಕಲ್ ಬಿಸಿ ಚೀಲವನ್ನು ಎದೆಗವಚಿಕೊಂಡು, ಮೆರವಣಿಗೆ ಮುಗಿಸಿ ಬಂದವರಂತೆ ಹಿಂದಿನ ಸೀಟಿಗೆ ಮರಳಿದರು. ಈ ಸಲ ಅವರ ಕೈಗಳಿಗೆ ಕೆಲಸವಿತ್ತು. ಸಿಪ್ಪೆ ಸುಲಿದು ಒಂದು ಮಗಳಿಗೆ, ಒಂದು ನನಗೆ.

ಎಲ್ಲರೂ ಕುಳಿತಾಯಿತು, ಬಾಗಿಲು ಮುಚ್ಚಿಯಾಯಿತು. ಲವೀನಾಕ್ಕ ಕೀಲಿಗೆ ಕೈ ಹಾಕಿ, ಹೊರಡಲೋ ಬೇಡವೋ ಎಂದು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ಅಂಕಲ್ ನನ್ನನ್ನು ನೋಡಿದರು. ನಾನು ಅಂಕಲ್‌ರನ್ನು ನೋಡಿದೆ. ಇಬ್ಬರ ಬಾಯಲ್ಲೂ ನೆಲಗಡಲೆ ತುಂಬಿತ್ತು.

ಮುಂದಿನ ಸೀಟಿನಿಂದ ಸೆವ್ರಿನ್ ಆಂಟಿ ಶ್ರವಣಯಂತ್ರವನ್ನು ಸರಿಪಡಿಸಿಕೊಂಡು, ಕಿಟಕಿಯ ಹೊರಗೆ ಕೈ ಚಾಚಿ, ಕಾರಿನ ಮೈಗೆ ಎರಡು ಸಲ ತಟ್ಟಿದರು.

“ರೈಟ್, ಪೋಯಿ!”